ಗಾಲಿಗಳ ಮೇಲಿನ ಗೃಹಸ್ಥಧರ್ಮ



ಸ್ಥಾವರ ಮತ್ತು ಜಂಗಮ ಎಂಬ ಎರಡು ಪದಗಳನ್ನು ಬಿಟ್ಟು ವಚನ ಸಾಹಿತ್ಯವನ್ನು ಅರಿಯುವುದು ಸಾಧ್ಯವಿಲ್ಲ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ ಎಂಬುದು ನಿಘಂಟಿನ ಅರ್ಥ. ಆದರೆ ಊರಿಂದೂರಿಗೆ ಚಲಿಸುವುದೆಲ್ಲವೂ ಜಂಗಮವಾಗುವುದಾದರೆ ಹೆದ್ದಾರಿಯಲ್ಲಿ ಓಡುವ ಲಾರಿಯೂ ಜಂಗಮವೇ ಆಗಬೇಕಲ್ಲವೇ? ಶರಣರು ಈ ಪದಕ್ಕೆ ಕೊಟ್ಟ ಅರ್ಥ ಇದಕ್ಕಿಂತ ಆಳವಾದುದು. ಅರಿವು ಚಲಿಸಬೇಕು, ಕರುಣೆ ಚಲಿಸಬೇಕು. ಕಾಲು ಅವುಗಳನ್ನು ಹಿಂಬಾಲಿಸಬೇಕು. ಈ ಮಾತನ್ನು ಎಂ.ಎ. ತರಗತಿಯಲ್ಲಿ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಬದುಕಿನಲ್ಲಿ ಹೇಗಿರುತ್ತದೆಂಬುದನ್ನು ತೋರಿಸಿದವರು ಶ್ರೀಮಠದ ಸದ್ಭಕ್ತರಾದ ಓರ್ವ ನಿವೃತ್ತ ದಂಪತಿಗಳು ಮತ್ತು ಅವರ ಎರಡು ನಾಯಿಗಳು.

ಸಿಂದಗಿ ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಅವರು ನನಗೆ ಅಕ್ಷರ ಕಲಿಸಿದ ಗುರುಗಳು. ಹೆಸರು ಬರೆಯುವುದು ಬೇಡವೆಂದು ಅವರೇ ಹೇಳಿರುವುದರಿಂದ ಮಾಸ್ತರರು ಎಂದಷ್ಟೇ ಕರೆಯುತ್ತೇನೆ. ಅವರ ಧರ್ಮಪತ್ನಿಯನ್ನು ಊರವರೆಲ್ಲ ಅವ್ವನವರು ಎನ್ನುತ್ತಾರೆ. ಅರವತ್ತು ತುಂಬಿ ಸೇವೆಯಿಂದ ಬಿಡುಗಡೆಯಾದ ಮೇಲೆ ಮಾಸ್ತರರು ಹೊಲ ಕೊಳ್ಳಲಿಲ್ಲ, ವಿಜಯಪುರದಲ್ಲಿ ನಿವೇಶನ ಹಿಡಿಯಲಿಲ್ಲ. 2022ರಲ್ಲಿ ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡರು. ಹಿಂದಿನ ಆಸನಗಳನ್ನು ತೆಗೆಸಿ ಮಂಚ ಹಾಕಿಸಿದರು. ನೀರಿನ ಟಾಕಿ, ಒಲೆ, ದವಸದ ಡಬ್ಬಿಗಳಿಗೆ ಸ್ಥಳ ಮಾಡಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ವಾಹನದ ರೂಪ ಬದಲಿಸುವುದಕ್ಕೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಶಾಲೆಯ ಹಾಜರಿ ಪುಸ್ತಕವನ್ನು ತಿದ್ದದೆ ಬರೆದ ಕೈ ಅವರದು. ಆ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಅಲೆದು, ಅದು ದೊರೆತ ಮೇಲೆಯೇ ಹೊರಟರು.

ಅಮೆರಿಕದಲ್ಲಿ ನಿವೃತ್ತರು ಇಂತಹ ಗಾಲಿಮನೆಗಳಲ್ಲಿ ದೇಶ ಸುತ್ತುವುದು ಸಾಮಾನ್ಯ ಸಂಗತಿ. ಜಾನ್ ಸ್ಟೈನ್‌ಬೆಕ್ ಎಂಬ ಹಿರಿಯ ಲೇಖಕನು 1960ರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ಹೀಗೆಯೇ ತನ್ನ ದೇಶವನ್ನು ಸುತ್ತಿ, 1962ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದನು. ನಮ್ಮ ನಾಡಿನಲ್ಲಿಯೂ ಇಳಿವಯಸ್ಸಿನ ಪಯಣಗಳಿಗೆ ಕೊರತೆಯಿಲ್ಲ. ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಅವರು ಉದ್ಯೋಗವನ್ನು ತೊರೆದು 2018ರ ಜನವರಿಯಲ್ಲಿ ತಂದೆಯ ನೆನಪಿನ ಹಳೆಯ ಬಜಾಜ್ ಸ್ಕೂಟರಿನ ಮೇಲೆ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು ಭಾರತಯಾತ್ರೆಗೆ ಹೊರಟರು. ಕುಟುಂಬದ ಸೇವೆಯಲ್ಲಿಯೇ ಆಯುಷ್ಯ ಕಳೆದ ಆ ತಾಯಿ ಸಮೀಪದ ಬೇಲೂರು ಹಳೆಬೀಡುಗಳನ್ನೂ ನೋಡಿರಲಿಲ್ಲವಂತೆ. ಕೊಚ್ಚಿಯಲ್ಲಿ ಚಹದಂಗಡಿ ನಡೆಸುತ್ತಿದ್ದ ವಿಜಯನ್ ಮತ್ತು ಮೋಹನಾ ದಂಪತಿಗಳು ದಿನದ ಗಳಿಕೆಯಲ್ಲಿ ಉಳಿಸಿದ ಹಣದಿಂದ 26 ದೇಶಗಳನ್ನು ನೋಡಿದರು. ವಿಜಯನ್ ಅವರು 2021ರ ನವೆಂಬರಿನಲ್ಲಿ ತೀರಿಕೊಂಡರು. ನಮ್ಮ ಶರಣ ಪರಂಪರೆಯನ್ನು ನೋಡಿದರೂ, ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಸೌದೆ ಮಾರುವ ಕಾಯಕ ಹಿಡಿದ ಮೋಳಿಗೆಯ ಮಾರಯ್ಯನ ಕಥೆ ಎಲ್ಲರಿಗೂ ತಿಳಿದಿರುವುದೇ ಆಗಿದೆ. ಸಂಸಾರ ಬಿಟ್ಟು ಹೋಗುವುದು ಬೇರೆ, ಸಂಸಾರವನ್ನು ಜೊತೆಗೊಯ್ಯುವುದು ಬೇರೆ. ಶರಣರು ಎರಡನೆಯ ದಾರಿಯವರು.

ಮಾಸ್ತರರ ಸಂಸಾರದಲ್ಲಿ ಎರಡು ನಾಯಿಗಳಿದ್ದವು. ಒಂದು ಮುಧೋಳದ ಹೆಣ್ಣುನಾಯಿ, ಹೆಸರು ಮಿಂಚಿ. ಇನ್ನೊಂದು ಶಾಲೆಯ ಅಂಗಳದಲ್ಲಿ ಯಾರೋ ಎಸೆದು ಹೋದ ಕಂತ್ರಿ ಮರಿ. ಅದೇ ಬೆಳೆದು ಕರಿಯನಾಯಿತು. ಹೊರಡುವಾಗ ಬೆಂಗಳೂರಿನಲ್ಲಿರುವ ಮಗನು, ನಾಯಿಗಳನ್ನು ಯಾರಿಗಾದರೂ ಕೊಟ್ಟು ಹೋಗಬೇಕೆಂದನು. ಬೀಗರು ನಕ್ಕರು. ಮಾಸ್ತರರು ಶ್ರೀಮಠಕ್ಕೆ ಬಂದು, “ತಮ್ಮಾ, ನೀ ಓದಿದಾವ. ಯಾತ್ರಾಕ್ಕ ನಾಯಿ ಕರ್ಕೊಂಡು ಹೋಗೂದು ತಪ್ಪಂತಾರ. ಶರಣರು ಏನಂತಾರ?” ಎಂದು ಕೇಳಿದರು.

ಹಾವಿನಹಾಳ ಕಲ್ಲಯ್ಯನು ನಾಯಿಯ ಬಾಯಿಂದ ವೇದವನ್ನು ಹೇಳಿಸಿದನೆಂಬ ಐತಿಹ್ಯವನ್ನು ನಾನು ಅವರಿಗೆ ನೆನಪಿಸಿದೆ. ಈ ಶರಣನು ನಮ್ಮ ವಿಜಯಪುರ ಸೀಮೆಯವನೇ. ಆ ಪವಾಡವನ್ನು ಅಕ್ಷರಶಃ ನಂಬಬೇಕೇ ಬೇಡವೇ ಎಂಬುದು ಇಲ್ಲಿ ಮುಖ್ಯವಲ್ಲ. ಜ್ಞಾನವು ಕುಲದ ಸೊತ್ತು ಎಂದವರ ಮುಂದೆ, ಎಲ್ಲರೂ ಕಲ್ಲೆಸೆದು ಓಡಿಸುವ ಪ್ರಾಣಿಯನ್ನು ನಿಲ್ಲಿಸಿ ಉತ್ತರ ಕೊಟ್ಟ ಆ ನಿಲುವು ಮುಖ್ಯ. ಮಹಾಭಾರತದ ಕಡೆಯಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲೊಪ್ಪದ ಪ್ರಸಂಗವನ್ನು ಮಾಸ್ತರರೇ ನಮಗೆ ಐದನೆಯ ಇಯತ್ತೆಯಲ್ಲಿ ಹೇಳಿದ್ದರು. ಅದನ್ನು ನೆನಪಿಸಿದಾಗ ಅವರು ಮುಗುಳ್ನಕ್ಕು ಎದ್ದರು.

ಅಂದಿನಿಂದ ಆರಂಭವಾದ ಅವರ ಪಯಣಗಳು ಸುಲಭದವಾಗಿರಲಿಲ್ಲ. ನಾಯಿಯಿರುವವರಿಗೆ ವಸತಿಗೃಹಗಳಲ್ಲಿ ಕೋಣೆ ಸಿಗುವುದು ಅಪರೂಪ. ರೈಲಿನ ಸಾಮಾನ್ಯ ಬೋಗಿಗಳಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಮೊದಲ ದರ್ಜೆಯ ಕೂಪೆ ಇಡಿಯಾಗಿ ದೊರೆಯಬೇಕು, ಇಲ್ಲವೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಬಿಸಿಲಲ್ಲಿ ನಿಂತ ವಾಹನದ ಒಳಗು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುವುದರಿಂದ, ಕಿಟಕಿ ಮುಚ್ಚಿ ಅವುಗಳನ್ನು ಒಳಗೆ ಬಿಟ್ಟು ಹೋಗುವಂತೆಯೂ ಇಲ್ಲ. ಆದ್ದರಿಂದ ದಂಪತಿಗಳು ಬೆಳಗಿನ ಜಾವ ಹೊರಟು ಹತ್ತು ಗಂಟೆಗೆ ಬೇವಿನ ನೆರಳೋ ಆಲದ ನೆರಳೋ ಹಿಡಿದು ನಿಲ್ಲುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಇಂಡಿ ಲಿಂಬೆಯ ಉಪ್ಪಿನಕಾಯಿ ಇಬ್ಬರಿಗೆ. ಅದೇ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಇನ್ನಿಬ್ಬರಿಗೆ.

ಗುಡಿಗಳಲ್ಲಿ ಅವರು ಒಂದು ಕ್ರಮವನ್ನು ರೂಢಿಸಿಕೊಂಡರು. ಒಬ್ಬರು ಒಳಗೆ ಹೋದಾಗ ಇನ್ನೊಬ್ಬರು ನಾಯಿಗಳೊಡನೆ ಹೊರಗೆ ಕುಳಿತಿರುವುದು, ಆ ಮೇಲೆ ಅದಲುಬದಲಾಗುವುದು. ಎರಡು ವರ್ಷ ಊರೂರು ತಿರುಗಿದರೂ ಒಂದು ಗುಡಿಯಲ್ಲಿಯೂ ದಂಪತಿಗಳು ಜೋಡಿಯಾಗಿ ಕೈಮುಗಿದು ನಿಂತದ್ದಿಲ್ಲ. ಇದು ನೋವಲ್ಲವೇ ಎಂದು ನಾನು ಅವ್ವನವರನ್ನು ಕೇಳಿದ್ದುಂಟು. ಅವರು, “ಒಳಗಿದ್ದಾವ ಎಲ್ಲಿ ಓಡಿ ಹೋಗ್ತಾನ? ಹೊರಗ ಕುಂತಾಗ ಚಪ್ಪಲಿ ಕಾಯೋ ಮುದುಕಿ, ಹೂವಿನ ಹುಡುಗಿ, ಕುಂಟ ಎತ್ತು ಎಲ್ಲಾ ಕಂಡ್ವು. ಒಳಗಷ್ಟ ಹೋಗಿ ಬಂದಿದ್ರ ಇವು ಕಾಣ್ತಿದ್ದಿಲ್ಲ” ಎಂದರು. ದೇಹವೇ ದೇಗುಲವೆಂಬ ಬಸವಣ್ಣನವರ ತತ್ತ್ವಕ್ಕೆ ನಾನು ಓದಿದ ವ್ಯಾಖ್ಯಾನಗಳು ಹಲವು. ಗುಡಿಯ ಹೊರಗೆ ಕುಳಿತವರು ನೀಡಿದ ಈ ವ್ಯಾಖ್ಯಾನ ಅವುಗಳಲ್ಲಿರಲಿಲ್ಲ.

ಮಾಸ್ತರರು ಹೇಳಿದ ಇನ್ನೊಂದು ಸಂಗತಿಯಿದೆ. ಇಂಡಿಯಿಂದ ಸಿಂದಗಿಯತ್ತ ಬರುವಾಗ, ಬಿಳಿಜೋಳ ಕೊಯ್ದ ಎರೆಹೊಲದಲ್ಲಿ ಕುರಿ ತರುಬಿದ್ದ ಹಾಲುಮತದ ವೃದ್ಧ ದಂಪತಿಗಳ ಪಕ್ಕದಲ್ಲಿ ಅವರು ಒಂದು ರಾತ್ರಿ ವಾಹನ ನಿಲ್ಲಿಸಿದರಂತೆ. ಕುರಿಯ ಗೊಬ್ಬರಕ್ಕೆ ಪ್ರತಿಯಾಗಿ ಹೊಲದೊಡೆಯನಿಂದ ಕಾಳೋ ಹಣವೋ ದೊರೆಯುತ್ತದೆ. ಮೇವು ಮುಗಿದೊಡನೆ ಮುಂದಿನ ಊರು. ಅವರ ಮನೆ ತಟ್ಟುವಿನ ಬೆನ್ನ ಮೇಲೆ: ಗುಡಾರ, ಪಾತ್ರೆ, ಕಂಬಳಿ, ಕೋಳಿಗಳು, ಆಗತಾನೆ ಹುಟ್ಟಿದ ಕುರಿಮರಿಗಳು. ತೋಳನನ್ನು ತಡೆಯಲು ನಾಯಿಗಳು. ಆ ಮುದುಕ ಟೆಂಪೋದೊಳಗೆ ಇಣುಕಿ ನೋಡಿ, “ನೀವೂ ನಮ್ಮಂಗ ಅದೀರಿ ಬಿಡ್ರಿ” ಎಂದನಂತೆ. ಬೀಗರಿಗೆ ಹುಚ್ಚಾಟವೆನಿಸಿದ ಬದುಕು ಕುರಿಗಾಹಿಗೆ ಪರಿಚಿತವಾಗಿತ್ತು. ಗಾಲಿಮನೆಯೆಂಬುದು ಪರದೇಶದಿಂದ ಬಂದ ಹೊಸ ಶೋಕಿಯೆಂದು ತಿಳಿದವರು ನಮ್ಮ ಎರೆಹೊಲಗಳ ಚಳಿಗಾಲವನ್ನು ನೋಡಿಲ್ಲವೆಂದೇ ಹೇಳಬೇಕು.

2024ರ ಮಾರ್ಚಿಯಲ್ಲಿ ಅವರು ಶ್ರೀಶೈಲಕ್ಕೆ ಹೊರಟರು. ಯುಗಾದಿಗೆ ಮಲ್ಲಯ್ಯನ ದರ್ಶನ ಮಾಡಬೇಕೆಂಬುದು ಅವ್ವನವರ ಬಹುಕಾಲದ ಬಯಕೆ. ನಮ್ಮ ಭಾಗದ ಸಾವಿರಾರು ಭಕ್ತರು ಕಂಬಿ ಹೊತ್ತು ಕಾಲ್ನಡಿಗೆಯಿಂದ ಹೋಗುವ ಕಾಲವದು. ಬಸವನ ಬಾಗೇವಾಡಿಯಲ್ಲಿ ಬಸವಣ್ಣನವರ ಜನ್ಮಸ್ಥಳಕ್ಕೆ ವಂದಿಸಿ, ತಂಗಡಗಿಯನ್ನು ನೋಡಿಕೊಂಡು ಮುಂದೆ ಹೋಗುವುದು ಯೋಜನೆ. ಮುದ್ದೇಬಿಹಾಳ ತಲುಪುವಷ್ಟರಲ್ಲಿ ಹನ್ನೆರಡು ವರ್ಷದ ಕರಿಯನ ಹಿಂಗಾಲುಗಳು ಸೋತವು. ಪರೀಕ್ಷಿಸಿದ ಪಶುವೈದ್ಯರು ಇದು ಮುಪ್ಪು, ಔಷಧದಿಂದ ನೋವು ತಗ್ಗೀತು, ಆದರೆ ಈ ಬಿಸಿಲಲ್ಲಿ ದೂರದ ಪಯಣ ಆಗದು ಎಂದರು. ಮಗನು ದೂರವಾಣಿಯಲ್ಲಿ, ನಾಯಿಯನ್ನು ಅಲ್ಲೇ ಯಾರದಾದರೂ ತೋಟದಲ್ಲಿ ಬಿಟ್ಟು ದರ್ಶನ ಮುಗಿಸಿ ಬರುವಂತೆ ಹೇಳಿದನು. ದಂಪತಿಗಳು ತಂಗಡಗಿಯಲ್ಲಿ, ಕೃಷ್ಣೆಯ ದಡದ ಮರದ ಕೆಳಗೆ ವಾಹನ ನಿಲ್ಲಿಸಿದರು. ಅಲ್ಲಿ ಹತ್ತೊಂಬತ್ತು ದಿನ ಉಳಿದರು. ಏಪ್ರಿಲ್ 9ರ ಯುಗಾದಿಯೂ ಅಲ್ಲಿಯೇ ಆಯಿತು.

ಶ್ರೀಮಠದ ಕಾರ್ಯನಿಮಿತ್ತ ಆ ಕಡೆಗೆ ಹೋಗಿದ್ದ ನಾನು ಒಂದು ಸಂಜೆ ಅವರ ಬಳಿ ಕುಳಿತಿದ್ದೆ. ಕರಿಯ ಚಾಪೆಯ ಮೇಲೆ ಮಲಗಿತ್ತು. ಮಿಂಚಿ ಅದರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಮಾಸ್ತರರು ಹಸಿ ಬಟ್ಟೆಯಿಂದ ಅದರ ಮೈ ಒರೆಸುತ್ತಿದ್ದರು. ಮಲ್ಲಯ್ಯನ ದರ್ಶನ ತಪ್ಪಿತಲ್ಲವೇ ಎಂದೆ. ಅವ್ವನವರು ರೊಟ್ಟಿ ಮುರಿಯುತ್ತ, “ಹನ್ನೆರಡು ವರ್ಷ ನಮ್ಮ ಬಾಗಲಾ ಕಾದೈತಿ ತಮ್ಮಾ. ನಾವು ಹದಿನೈದು ದಿನ ಅದನ್ನ ಕಾಯೂದು ದೊಡ್ಡ ಮಾತೇನು?” ಎಂದರು.

ತಂಗಡಗಿ ನೀಲಾಂಬಿಕೆಯವರು ಐಕ್ಯರಾದ ಸ್ಥಳ. ಕಲ್ಯಾಣ ಕ್ರಾಂತಿಯ ನಂತರ ಕೂಡಲಸಂಗಮದಲ್ಲಿದ್ದ ಬಸವಣ್ಣನವರು ಹಡಪದ ಅಪ್ಪಣ್ಣನ ಮೂಲಕ ನೀಲಾಂಬಿಕೆಯವರನ್ನು ಬರಹೇಳಿದರೆಂದೂ, ಸಂಗಮನಾಥನು ಅಲ್ಲಿರುವಂತೆ ಇಲ್ಲಿಯೂ ಇರುವನೆಂದರಿತ ಆ ತಾಯಿ ಮುಂದೆ ಹೋಗದೆ ಅಲ್ಲಿಯೇ ಲಿಂಗೈಕ್ಯರಾದರೆಂದೂ ಪರಂಪರೆ ಹೇಳುತ್ತದೆ. ತಲುಪದೆಯೇ ತಲುಪಿದ ಮಹಾತಾಯಿಯ ನೆಲವದು. ಆ ನೆಲದ ಮೇಲೆ ಈ ದಂಪತಿಗಳು ಶ್ರೀಶೈಲವನ್ನು ಕಳೆದುಕೊಂಡು ಕುಳಿತಿದ್ದರು. ಅವರು ನೀಲಾಂಬಿಕೆಯವರಿಗೆ ಸಮಾನರೆಂದು ನಾನು ಹೇಳುತ್ತಿಲ್ಲ. ಆದರೆ ಆ ಕಥೆಯ ಅರ್ಥವನ್ನು ಹಿಡಿದುಕೊಳ್ಳಲು ನನಗೆ ಆ ಸಂಜೆ ಬೇಕಾಯಿತು.

ಹತ್ತೊಂಬತ್ತನೆಯ ದಿನ ಬೆಳಗಿನ ಜಾವ ಕರಿಯ ಸತ್ತಿತು. ಪರಿಚಯದ ರೈತರೊಬ್ಬರು ತಮ್ಮ ಹೊಲದ ಬದುವಿನಲ್ಲಿ ಗುಂಡಿ ತೆಗೆದುಕೊಟ್ಟರು. ದಂಪತಿಗಳು ಮಿಂಚಿಯೊಡನೆ ಊರಿಗೆ ಮರಳಿದರು. ಒಂದು ನಾಯಿಗಾಗಿ ಮಲ್ಲಯ್ಯನನ್ನು ಬಿಟ್ಟು ಬಂದರೆಂದು ಕೆಲವರು ಇಂದಿಗೂ ಆಡಿಕೊಳ್ಳುತ್ತಾರೆ.

ಬಂಧುಗಳೇ, ನಿವೃತ್ತಿಯ ನಂತರ ಯಾತ್ರೆ ಮಾಡುವವರು ನಮ್ಮಲ್ಲಿ ಅನೇಕರಿದ್ದೀರಿ. ಎಷ್ಟು ಕ್ಷೇತ್ರಗಳನ್ನು ನೋಡಿದಿರೆಂದು ಲೋಕ ನಿಮ್ಮನ್ನು ಕೇಳುತ್ತದೆ. ನಮ್ಮನ್ನು ನಂಬಿದವರು ಮನುಷ್ಯರಿರಲಿ, ಮೂಕಪ್ರಾಣಿಗಳಿರಲಿ, ಅವರಲ್ಲಿ ಯಾರನ್ನು ದಾರಿಯಲ್ಲಿ ಬಿಟ್ಟು ಮುಂದೆ ಹೋದೆವು ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದು ಅದಕ್ಕಿಂತ ಕಠಿಣ. ದಯೆಯಿಲ್ಲದ ಪಯಣ ಎಷ್ಟು ಸಾವಿರ ಕಿಲೋಮೀಟರಿನದಾದರೂ ಸ್ಥಾವರವೇ. ನಂಬಿದ ಜೀವಕ್ಕಾಗಿ ನದಿಯ ದಡದಲ್ಲಿ ನಿಂತುಬಿಟ್ಟ ವಾಹನ ಜಂಗಮ.

ಮಾಸ್ತರರ ಟೆಂಪೋ ಈಗ ದುರಸ್ತಿಯಾಗಿದೆ. ಮುಂದಿನ ಯುಗಾದಿಗೆ ಮತ್ತೆ ಹೊರಡುವ ಮಾತಿದೆ. ಊರ ಶಾಲೆಯ ಅಂಗಳದಲ್ಲಿ ಮತ್ತೊಂದು ಮರಿ ಕಾಣಿಸಿಕೊಂಡಿದೆಯೆಂದೂ, ಅದಕ್ಕೆ ಸೂಜಿಮದ್ದು ಹಾಕಿಸಲು ಅವ್ವನವರು ಸಿಂದಗಿಗೆ ಬಂದಿದ್ದರೆಂದೂ ತಿಳಿದುಬಂದಿದೆ.