ನೀನು ಸೋತರೆ ಲಕ್ಕು

ಹೈದರಾಬಾದಿನಲ್ಲಿ ಮಗಳನ್ನು ಪೋಕೆಮಾನ್ ಕಾರ್ಡಿನ ಟೂರ್ನಿಗೆ ಬಿಡಲು ಹೋಗುತ್ತಿದ್ದವನು ನಾನೂ ಆಡತೊಡಗಿದೆ. 'ಈ ವಯಸ್ಸಲ್ಲಿ ಇಸ್ಪೀಟೇನೋ?' ಅಂದಳು ಊರಿಂದ ಅಮ್ಮ.

ಸೋತಾಗಲೆಲ್ಲ ಲಕ್ಕನ್ನು ಬೈಯುತ್ತಿದ್ದೆ. 'ನೀನು ಸೋತರೆ ಲಕ್ಕು, ನಾನು ಸೋತರೆ ಗಮನ ಇಲ್ಲ ಅಂತೀಯಲ್ಲಪ್ಪಾ' ಎಂದಳು ಮಗಳು, ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ. ಉತ್ತರ ಹೊಳೆಯಲಿಲ್ಲ.

60 ಕಾರ್ಡಿನ ಡೆಕ್ಕಿನಲ್ಲಿ 6 ಕಾರ್ಡು ಶುರುವಿನಲ್ಲೇ ಬಹುಮಾನವೆಂದು ಬೋರಲಾಗಿ ಮಲಗುತ್ತವೆ. ಒಂದೇ ಒಂದು ಇಟ್ಟುಕೊಂಡ ಕಾರ್ಡು ಸರಾಸರಿ 10 ಆಟಕ್ಕೊಮ್ಮೆ ಅಲ್ಲಿ ಸಿಕ್ಕಿಬೀಳುತ್ತದೆ. ಆಫೀಸಿನಲ್ಲಿ ರಿಸ್ಕ್ ರಿಜಿಸ್ಟರ್ ಬರೆಸುವ ನಾನು ಅಂಥ ಕಾರ್ಡನ್ನೇ ನಂಬಿ ಆಡುತ್ತಿದ್ದೆ! ಡೆಕ್ಕನ್ನು ಮೊದಲ ಸಲ ಹುಡುಕುವಾಗಲೇ ಯಾವುದಿಲ್ಲ ಎಂದು ಎಣಿಸಿಕೊಳ್ಳುವುದನ್ನು ಅವಳೇ ಕಲಿಸಿದಳು.

ಹೋದ ವಾರ 4 ಸುತ್ತಿನಲ್ಲಿ 2 ಗೆದ್ದೆ. ಸೋತ ಎರಡೂ ಎಲ್ಲಿ ಕೈತಪ್ಪಿದವೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅವಳು 3 ಗೆದ್ದಳು. ಸೋತ ಒಂದರ ಬಗ್ಗೆ ನಾನು ಬಾಯಿ ಬಿಡಲಿಲ್ಲ.