ಒಂದೇ ಪೆಟ್ಟಿಗೆಯಿಂದ ಮನೆಗೆಲ್ಲ ಹಾಡು

ನನ್ನ ತಾಯಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತ್ತು. ಮಗನು ಅವನ್ನೆಲ್ಲ ಗಣಕಕ್ಕೆ ಏರಿಸಿ, ನಂಜನಗೂಡಿನ ನಮ್ಮ ಮನೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರವೊಂದನ್ನು ತಂದು, ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶವನ್ನು ಅದರಲ್ಲಿ ಅಳವಡಿಸಿದನು. ಈಗ ಹಜಾರದ ಟಿ.ವಿ., ಮಡದಿಯ ಮೊಬೈಲು, ಮೊಮ್ಮಗಳ ಟ್ಯಾಬ್ಲೆಟ್ಟು ಮೂರೂ ಮನೆಯ ವೈಫೈ ಮೂಲಕ ಅದರಿಂದಲೇ ಹಾಡು ಪಡೆಯುತ್ತವೆ. ಅಂತರ್ಜಾಲ ಕೈಕೊಟ್ಟರೂ ಹಾಡು ನಿಲ್ಲದು.

1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರಷ್ಟೆ. (ಆಕಾಶವಾಣಿಯೆಂಬ ಹೆಸರು ಬಂದುದು ಆ ನಿಲಯದಿಂದಲೇ!) ಬಾನುಲಿಯನ್ನು ಎಲ್ಲರೂ ಒಂದೇ ಗಳಿಗೆಯಲ್ಲಿ ಕೇಳಬೇಕು, ಇಲ್ಲಿ ಅವರವರಿಗೆ ಬೇಕಾದ ಹಾಡು, ಬೇಕಾದ ಹೊತ್ತು. ಅನುಕೂಲವೇನೋ ಸರಿ. ಆದರೂ ತಿ. ನರಸೀಪುರದಲ್ಲಿ ಬೀದಿಗೊಂದೇ ರೇಡಿಯೋದ ಮುಂದೆ ಒತ್ತೊತ್ತಾಗಿ ಕುಳಿತ ಸುಖ ಬೇರೆಯೇ.

ಅಲ್ಲಿಯೇ ಉಳಿದಿರುವ ನಮ್ಮ ಅಕ್ಕನಿಗೆ ಈ ವೈಫೈ ಎಟುಕದು. ಹೊರಗಿನಿಂದ ತಲುಪುವ ದಾರಿಯುಂಟು. ಭದ್ರಪಡಿಸದೆ ಅದನ್ನು ತೆರೆದರೆ ಬೀದಿಬಾಗಿಲು ಹಾಕದೆ ಮಲಗಿದಂತೆ ಎಂದನು ಮಗ. ಸರಿಯೆನಿಸಿತು. ಪೆನ್‌ಡ್ರೈವಿಗೆ ಪ್ರತಿ ತೆಗೆದುಕೊಂಡು ಬಸ್ಸು ಹತ್ತಿದೆ. ಕಣ್ಣು ಮಂಜಾಗಿರುವ ಅಕ್ಕ, ಎರಡನೆಯ ಹಾಡಿನ ನಡುವೆ ಕೇಳಿಬಂದ ಕೆಮ್ಮು ತನ್ನದೇ ಎಂದು ಗುರುತಿಸಿ, "ಇನ್ನೊಂದ್ಸಲ ಹಾಕೋ" ಎಂದಳು.