ರೆಕ್ಕೆಬಾಗಿಲಿನ ರಿಪೇರಿ

ಮಾಮೂಲಿ ಕಾರಿನ ಬಾಗಿಲಿಗೆ ಸ್ಪ್ರಿಂಗಿನ ಹಂಗಿಲ್ಲ. ತೂಕವನ್ನೆಲ್ಲ ಪಕ್ಕದ ಕಂಬದ ಎರಡು ಕೀಲುಗಳೇ ಹೊರುತ್ತವೆ. ತೆರೆಯುವ ಕೈ ಬಾಗಿಲನ್ನು ಎತ್ತಬೇಕಿಲ್ಲ, ದೂಡಿದರೆ ಸಾಕು. ಅದೇ ಕೀಲನ್ನು ಚಾವಣಿಗೆ ಒಯ್ದು, ಬಾಗಿಲು ರೆಕ್ಕೆಯಾಗಿ ಮೇಲಕ್ಕೇಳಲಿ ಎಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಆಗ ಪ್ರತಿ ಸಲವೂ ಇಡೀ ಬಾಗಿಲನ್ನು ಎತ್ತಬೇಕು, ಎತ್ತಿದ್ದು ತಲೆಯ ಮೇಲೆ ಬೀಳದಂತೆ ನಿಲ್ಲಬೇಕು. ಈ ಕೆಲಸ ಮಾಡುವ ಸ್ಪ್ರಿಂಗು ಚಾವಣಿಯಲ್ಲೇ ಕೂತಿರುವುದರಿಂದ ಇಂಥ ಕಾರುಗಳಲ್ಲಿ ಬಾಗಿಲಿನ ರಿಪೇರಿ ಬೇರೆ, ಚಾವಣಿಯ ರಿಪೇರಿ ಬೇರೆ ಎಂದು ವಿಂಗಡಿಸಲು ಬರುವುದಿಲ್ಲ.

1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮರ್ಸಿಡಿಸ್-ಬೆಂಝ್ 300 ಎಸ್‌ಎಲ್ ಮಾರಾಟಕ್ಕೆ ಬಂದ ಈ ಬಗೆಯ ಕಾರುಗಳಲ್ಲಿ ಹಿರಿಯದು. ಅದರ ಬಾಗಿಲು ಮೇಲಕ್ಕೆ ಹೋದದ್ದು ಶೋಕಿಗಲ್ಲ. ಸಣ್ಣ ಕೊಳವೆಗಳನ್ನು ಬೆಸೆದು ಮಾಡಿದ ಹಗುರವಾದ ಚೌಕಟ್ಟು ಗಟ್ಟಿಯಾಗಿ ನಿಲ್ಲಬೇಕಾದರೆ ಎರಡೂ ಪಕ್ಕದಲ್ಲಿ ಎತ್ತರಕ್ಕೆ ಏರಬೇಕಿತ್ತು. ಏರಿದಾಗ ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಬಾಗಿಲು ಅಲ್ಯುಮಿನಿಯಂನದಾದ್ದರಿಂದ ಒಂದರೊಳಗೊಂದು ಸರಿಯುವ ಕೊಳವೆಗಳಲ್ಲಿ ಸುರುಳಿ ಸ್ಪ್ರಿಂಗು ಇಟ್ಟರೆ ಸಾಕಾಯಿತು. 70ರ ದಶಕದಲ್ಲಿ ಕೆನಡಾದಲ್ಲಿ ತಯಾರಾದ ಬ್ರಿಕ್ಲಿನ್ ಕಾರು ಈ ಭಾರವನ್ನು ಹೈಡ್ರಾಲಿಕ್ ಪಂಪಿಗೆ ಹೊರಿಸಿತು. ಅದರ ಬಾಗಿಲು ಏಳಲು ಬ್ಯಾಟರಿಯ ಅಪ್ಪಣೆ ಬೇಕು. ಕಸುಬುದಾರರಿಗೆ ಹೆಚ್ಚು ಪಾಠ ಹೇಳುವುದು ಮೂರನೆಯ ಕಾರು, ಡಿಲೋರಿಯನ್.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಬಳಿಯ ಡನ್‌ಮರಿಯಲ್ಲಿ 1981 ಮತ್ತು 1982ರಲ್ಲಿ ಈ ಕಾರುಗಳು ತಯಾರಾದವು. ಒಟ್ಟು ಸುಮಾರು 9,000. ವಿನ್ಯಾಸ ಇಟಲಿಯ ಜೂಜಾರೊ ಅವರದು. ಒಡಲು ಫೈಬರ್‌ಗ್ಲಾಸಿನದು, ಮೇಲಿನ ಹೊದಿಕೆ ಬಣ್ಣ ಬಳಿಯದ ಸ್ಟೇನ್‌ಲೆಸ್ ಸ್ಟೀಲಿನದು. ಒಂದೊಂದು ಬಾಗಿಲೂ ಸುಮಾರು 40 ಕಿಲೋ ತೂಗುತ್ತದೆ. ತೂಕದ ಕೇಂದ್ರ ಕೀಲಿನಿಂದ ಅರ್ಧ ಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ ಕೀಲಿನ ಮೇಲೆ ಬೀಳುವ ತಿರುಗುಬಲ ಸುಮಾರು 200 ನ್ಯೂಟನ್-ಮೀಟರ್, ಅಂದರೆ ಸಾಧಾರಣ ಕಾರಿನ ಚಕ್ರದ ನಟ್ಟು ಬಿಗಿಯಲು ಬೇಕಾದ ತಿರುಗುಬಲದ ಇಮ್ಮಡಿ. ಆದರೂ ಸರಿಯಾಗಿ ಹೊಂದಿಸಿದ ಬಾಗಿಲು ಒಂದೇ ಕೈಗೆ ಏಳುತ್ತದೆ. ಪಕ್ಕದಲ್ಲಿ 30 ಸೆಂಟಿಮೀಟರಿಗೂ ಕಡಿಮೆ ಜಾಗ ಸಾಕು.

ಇದನ್ನು ಸಾಧಿಸಿರುವುದು ಚಾವಣಿಯ ನಡುವೆ ಉದ್ದಕ್ಕೆ ಮಲಗಿರುವ ಉಕ್ಕಿನ ಕಂಬಿ, ಟಾರ್ಷನ್ ಬಾರ್. ಒಂದೊಂದು ಬಾಗಿಲಿಗೆ ಒಂದೊಂದು. ಕಂಬಿಯ ಒಂದು ತುದಿ ಚಾವಣಿಯಲ್ಲಿ ಅಲುಗದಂತೆ ನಿಂತಿರುತ್ತದೆ, ಇನ್ನೊಂದು ತುದಿ ಬಾಗಿಲಿನ ಜೊತೆ ತಿರುಗುತ್ತದೆ. ಬಾಗಿಲು ಮುಚ್ಚಿದಾಗ ಕಂಬಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಲಾಕು ಬಿಟ್ಟಾಗ ಬಿಚ್ಚಿಕೊಳ್ಳುತ್ತ ಬಾಗಿಲನ್ನು ಎತ್ತುತ್ತದೆ. ಇದನ್ನು ರೂಪಿಸಿದ್ದು ವಿಮಾನ ತಯಾರಿಸುತ್ತಿದ್ದ ಅಮೆರಿಕದ ಗ್ರಮ್ಮನ್ ಕಂಪನಿ. ಉಕ್ಕನ್ನು ದ್ರವ ಸಾರಜನಕದಲ್ಲಿ ಅತಿಯಾಗಿ ತಣಿಸಿ, ಆ ಸ್ಥಿತಿಯಲ್ಲೇ ಹಲವು ಸುತ್ತು ತಿರುಚಿ ಬಿಡುತ್ತಿದ್ದರು. ಹಾಗೆ ಮೊದಲೇ ಮಿತಿಮೀರಿ ತಿರುಚಿದ ಕಂಬಿಯ ಹೊರಪದರದಲ್ಲಿ ವಿರುದ್ಧ ದಿಕ್ಕಿನ ಒತ್ತಡ ಶಾಶ್ವತವಾಗಿ ಉಳಿದುಬಿಡುತ್ತದೆ. ಮುಂದೆ ಬಾಗಿಲಿನ ಹೊರೆ ಬಿದ್ದಾಗ ಮೊದಲು ಆ ಒತ್ತಡ ಕರಗಬೇಕು, ಆಮೇಲಷ್ಟೇ ಉಕ್ಕಿಗೆ ನಿಜವಾದ ಭಾರ. ಆದ್ದರಿಂದ ಇಂಥ ಕಂಬಿ ಒಂದೇ ದಿಕ್ಕಿಗೆ ದುಡಿಯುತ್ತದೆ. ನೋಡಲು ಒಂದೇ ಥರ ಇದ್ದರೂ ಎಡಗಡೆಯದನ್ನು ಬಲಗಡೆಗೆ ಹಾಕಿದರೆ ಅದರ ಸತ್ವವೆಲ್ಲ ತಿರುಗುಮುರುಗು.

ಕಂಬಿಯೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಬಾಗಿಲು ಮೇಲೇರುತ್ತ ಹೋದಂತೆ ಕಂಬಿಯ ಬಲ ಇಳಿಯುತ್ತದೆ; ತೂಕದ ಪ್ರಭಾವ ಮಾತ್ರ ಬಾಗಿಲು ಕೀಲಿನ ಮಟ್ಟಕ್ಕೆ ಬರುವವರೆಗೆ ಏರುತ್ತಲೇ ಇರುತ್ತದೆ. ಈ ಅಂತರವನ್ನು ತುಂಬುವುದು ಗ್ಯಾಸ್ ಸ್ಟ್ರಟ್, ಅಂದರೆ ಅನಿಲ ತುಂಬಿದ ಊರೆಗೋಲು. ಬಾಗಿಲು ಮುಕ್ಕಾಲು ಎತ್ತರಕ್ಕೆ ಹೋಗಿ ಮೆಲ್ಲಗೆ ಇಳಿಯತೊಡಗಿದರೆ ಸಾಮಾನ್ಯವಾಗಿ ದೋಷ ಈ ಸ್ಟ್ರಟ್ಟಿನದು. ಅದರೊಳಗಿನ ಸಾರಜನಕ ವರ್ಷಗಳು ಕಳೆದಂತೆ ಸೀಲಿನ ಅಂಚಿನಲ್ಲಿ ಸೋರಿಹೋಗುತ್ತದೆ. ಚಳಿಗೂ ಅದು ಸೋಲುತ್ತದೆ: 20 ಡಿಗ್ರಿಯಿಂದ ಮೈನಸ್ 10ಕ್ಕೆ ಇಳಿದರೆ ಅನಿಲದ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಚಳಿಗಾಲದ ಬೆಳಗ್ಗೆ ಜೋತ ಬಾಗಿಲನ್ನು ಕಂಡು ಕಂಬಿಯನ್ನು ಬಿಗಿ ಮಾಡಿದವರು ಬೇಸಿಗೆಯಲ್ಲಿ ಬಾಗಿಲನ್ನು ಎಳೆದೆಳೆದು ಮುಚ್ಚಬೇಕಾಗುತ್ತದೆ. ಕಂಬಿಯನ್ನು ಮುಟ್ಟದೆ ಮುಗಿಯುವ ರಿಪೇರಿಯೇ ಒಳ್ಳೆಯ ರಿಪೇರಿ.

ಸ್ಟ್ರಟ್ ಬಿಚ್ಚುವ ಮೊದಲು ಬಾಗಿಲನ್ನು ಪೂರ್ತಿ ಎತ್ತಿ ಇನ್ನೊಬ್ಬರು ಹಿಡಿದುಕೊಳ್ಳಬೇಕು; ಕೋಲು ಆನಿಸಿ ನಿಲ್ಲಿಸುವುದು ಅದಕ್ಕೆ ಬದಲಿಯಲ್ಲ, ಒಂದು ಮೊಣಕೈ ತಾಗಿದರೆ ಕೋಲು ಜಾರುತ್ತದೆ. ಸ್ಟ್ರಟ್ಟಿನ ತುದಿಯ ಕುಳಿ ಉಕ್ಕಿನ ಗುಂಡೊಂದರ ಮೇಲೆ ಕೂತಿರುತ್ತದೆ, ಹಿಂದಿನಿಂದ ತೆಳುವಾದ ಕ್ಲಿಪ್ಪು ಹಿಡಿದಿರುತ್ತದೆ. ಚಿಕ್ಕ ಸ್ಕ್ರೂಡ್ರೈವರಿನ ಮೊನೆಯನ್ನು ಕ್ಲಿಪ್ಪಿನಡಿ ತೂರಿಸಿ ಸ್ವಲ್ಪವೇ ಎತ್ತಿದರೆ ತುದಿ ಸಡಿಲವಾಗಿ ಕೈಗೆ ಬರುತ್ತದೆ. ಕ್ಲಿಪ್ಪನ್ನು ಪೂರ್ತಿ ಕಿತ್ತರೆ ಅದು ಚಿಮ್ಮಿ ಗ್ಯಾರೇಜಿನ ಯಾವುದೋ ಮೂಲೆ ಸೇರುತ್ತದೆ. ಹೊಸದನ್ನು ಕೂರಿಸುವಾಗ ಗುಂಡಿನ ಬುಡ ಬಾಗಿದೆಯೇ, ಸುತ್ತಲಿನ ಫೈಬರ್‌ಗ್ಲಾಸ್ ಬಿರಿದಿದೆಯೇ ಎಂದು ಬೆರಳಿನಿಂದ ತಡವಿ ನೋಡುವುದು ವಾಡಿಕೆ. ಸ್ಟ್ರಟ್ಟುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಹಳೆಯದನ್ನು ಕೊರೆಯುವುದಾಗಲಿ ಬೆಂಕಿಗೆ ಹಿಡಿಯುವುದಾಗಲಿ ಕೂಡದು, ಸತ್ತಂತೆ ಕಂಡ ಸ್ಟ್ರಟ್ಟಿನಲ್ಲೂ ಒತ್ತಡ ಉಳಿದಿರುತ್ತದೆ.

ಹೊಸ ಸ್ಟ್ರಟ್ಟಿಗೂ ಬಗ್ಗದ ಬಾಗಿಲಾದರೆ ಕೀಲು ಬಿಗಿದಿದೆಯೇ, ರಬ್ಬರ್ ಬೀಡಿಂಗ್ ಕಲ್ಲಾಗಿದೆಯೇ ನೋಡಿ, ಕೊನೆಗೆ ಕಂಬಿಗೆ ಕೈ ಹಾಕುವುದು. ಕಂಬಿಯ ತುದಿಯಲ್ಲಿ ಸಣ್ಣ ಹಲ್ಲುಗಳಿವೆ. ಹಿಡಿಕೆಯಿಂದ ಬಿಡಿಸಿ, ತುಸು ತಿರುಗಿಸಿ, ಮತ್ತೆ ಹಲ್ಲಿಗೆ ಹಲ್ಲು ಕೂರಿಸುವುದೇ ಹೊಂದಾಣಿಕೆ. ಹೇಳಲು ಇಷ್ಟೇ. ಬಾಗಿಲು ಪೂರ್ತಿ ತೆರೆದಾಗ ಕಂಬಿಯ ತಿರುಚು ಅತಿ ಕಡಿಮೆ, ಹಾಗಾಗಿ ಕೆಲಸ ಆ ಸ್ಥಿತಿಯಲ್ಲೇ ನಡೆಯಬೇಕು. ಕಡಿಮೆ ಎಂದರೆ ಸೊನ್ನೆಯಲ್ಲ. ಹಲ್ಲು ಬಿಟ್ಟ ಗಳಿಗೆಯಲ್ಲಿ ಉಳಿದ ಬಲವೆಲ್ಲ ಕಂಬಿಯನ್ನು ತಿರುಗಿಸುವ ಸನ್ನೆಗೋಲಿನ ಮೂಲಕ ಕೈಗೆ ಬರುತ್ತದೆ. ಕೈ ತಪ್ಪಿದರೆ ಸನ್ನೆಗೋಲು ಗಾಜನ್ನೋ ದವಡೆಯನ್ನೋ ಒಡೆಯುತ್ತದೆ. ಆದ್ದರಿಂದ ಈ ಕೆಲಸಕ್ಕೆಂದೇ ಮಾಡಿದ ಹತ್ಯಾರು ಬೇಕು, ಕಣ್ಣಿಗೆ ಕನ್ನಡಕ ಬೇಕು, ಸನ್ನೆಗೋಲು ತಿರುಗಬಹುದಾದ ಹಾದಿಯಲ್ಲಿ ಯಾರ ತಲೆಯೂ ಇರಬಾರದು. ಪೈಪ್ ಪಾನಾ ಹಾಕಿ ಕಂಬಿಯ ನಡುವನ್ನು ಕಚ್ಚಿ ಹಿಡಿಯುವ ಜಾಣತನ ಎಲ್ಲಕ್ಕಿಂತ ಕೆಟ್ಟದ್ದು. ತಿರುಚಿದ ಕಂಬಿಯ ಒಳಗಿನ ಅಕ್ಷದಲ್ಲಿ ಒತ್ತಡವೇ ಇರುವುದಿಲ್ಲ, ಅದು ಹೆಚ್ಚಾಗಿರುವುದು ಮೈಮೇಲೆ. ಪಾನಾದ ಹಲ್ಲಿನ ಗುರುತು, ಅರದ ಗೀರು, ತುಕ್ಕಿನ ಕುಳಿ, ಯಾವುದಾದರೂ ಒಂದು ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಹತ್ತಿರದಲ್ಲಿ ವೆಲ್ಡಿಂಗ್ ಮಾಡಿದರೂ ಉಕ್ಕಿನ ಹದ ಹೋಗುತ್ತದೆ.

ಕಂಬಿಯ ಮೇಲಿರುವ ಚಾವಣಿಯ ಹೊದಿಕೆಯ ಕಥೆ ಬೇರೆ. ನಡುವಿನ ಸ್ಟೇನ್‌ಲೆಸ್ ತಗಡನ್ನು ಅವಸರದಲ್ಲಿ ಮೀಟಿ ಎಬ್ಬಿಸಿದರೆ ಮಡಿಕೆ ಬೀಳುತ್ತದೆ. ಬಣ್ಣವಿಲ್ಲದ ಲೋಹವಾದ್ದರಿಂದ ಪುಟ್ಟಿ ತುಂಬಿ ಮುಚ್ಚುವ ದಾರಿಯೂ ಇಲ್ಲ; ಡೆಂಟಿಂಗ್ ಮಾಡುವವರ ಅರ್ಧ ವಿದ್ಯೆ ಇಲ್ಲಿ ಕೆಲಸಕ್ಕೆ ಬಾರದು. ಅಂಟಿದ ಅಂಚಿನುದ್ದಕ್ಕೂ ಒಂದೇ ಸಮ ಮೆಲ್ಲಗೆ ಬಿಡಿಸಬೇಕು. ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಉಜ್ಜಿದ ಸಣ್ಣ ಗೆರೆಗಳಿವೆ. ಗೀರು ಬಿದ್ದರೆ ನಾರಿನ ಪ್ಯಾಡಿನಿಂದ ಆ ಗೆರೆಗಳ ದಿಕ್ಕಿನಲ್ಲೇ ಉದ್ದಕ್ಕೆ ಎಳೆಯಬೇಕು, ಸುತ್ತಿಸಬಾರದು. ಪಾತ್ರೆ ತಿಕ್ಕುವ ಮಾಮೂಲಿ ಕಬ್ಬಿಣದ ನಾರು ಬಳಸಿದರೆ ಅದರ ಕಣಗಳು ತಗಡಿನಲ್ಲಿ ಉಳಿದು, ತುಕ್ಕು ಹಿಡಿಯದ ಲೋಹದ ಮೇಲೆ ತುಕ್ಕಿನ ಚುಕ್ಕೆ ಮೂಡುತ್ತದೆ.

ಎಲ್ಲ ಜೋಡಿಸಿದ ಮೇಲೆ ಬಾಗಿಲನ್ನು ನಡುಭಾಗದಲ್ಲಿ ಹಿಡಿದು ಮುಚ್ಚಬೇಕು. ಬಾಗಿಲಿಗೆ ಮುಂದೊಂದು ಹಿಂದೊಂದು ಲಾಕು. ಓರೆಯಾಗಿ ಎಳೆದರೆ ಒಂದು ಕಚ್ಚಿ ಇನ್ನೊಂದು ಉಳಿಯುತ್ತದೆ. ಬೀಡಿಂಗಿನ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದು ನೋಡಿದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ತಿಳಿಯುತ್ತದೆ. ಸಡಿಲ ಕಂಡಲ್ಲಿ ಹೊಸ ಬೀಡಿಂಗ್ ಹಾಕಿ, ಚಾವಣಿಯ ಅಂಚಿಗೆ ಪೈಪಿನಿಂದ ನೀರು ಬಿಟ್ಟು ಒಳಗಿನಿಂದ ನೋಡುವುದು ಕೊನೆಯ ಪರೀಕ್ಷೆ.